ಶಾಫ್ಟ್ ಬಿಚ್ಚಿಟ್ಟು ಗಾಡಿ ಓಡಿಸಬಹುದಾ, ಮೇಷ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಫೋರ್ ವೀಲ್ ಡ್ರೈವ್ ಗಾಡಿಯವರದ್ದೇ ಜಾಸ್ತಿ. ಎಲ್ಲರೂ ಸುತ್ತಿ ಬಳಸಿ ಕೇಳಿರುವುದು ಒಂದೇ ವಿಷಯ: ಎಂಜಿನ್ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಉದ್ದನೆಯ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಅದನ್ನು ಬಿಚ್ಚಿಟ್ಟು ಗಾಡಿ ಓಡಿಸಬಹುದಾ ಅಂತ. ಹಾಗಾಗಿ ಬ್ಯಾಟರಿ, ಏಸಿ, ಟಯರ್ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿದ್ದೇನೆ. ಆ ಪತ್ರ ಬರೆದವರು ಸಿಟ್ಟಾಗಬೇಡಿ.

ಪ್ರಶ್ನೆ: ಮೇಷ್ಟ್ರೇ, ನನ್ನದು ಹಳೇ ಫೋರ್ ವೀಲ್ ಡ್ರೈವ್ ಜೀಪು. ಲಿವರ್ ಮೇಲೆ 2ಎಚ್ (ಹಿಂದಿನ ಎರಡೇ ಚಕ್ರಕ್ಕೆ ಬಲ), 4ಎಚ್ (ನಾಲ್ಕಕ್ಕೂ), ಎನ್ (ನ್ಯೂಟ್ರಲ್), 4ಎಲ್ (ನಾಲ್ಕಕ್ಕೂ, ಲೋ ರೇಂಜ್) ಅಂತ ಇದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಬಾಗುವ ಜಾಯಿಂಟ್) ಪುಡಿಯಾಗಿದೆ. ಶಾಫ್ಟ್ ಬಿಚ್ಚಿ ಒಳಗೆ ಹಾಕಿಕೊಂಡು, 4ಎಚ್‌ಗೆ ಹಾಕಿ, ಮುಂದಿನ ಚಕ್ರಗಳ ಮೇಲೇ ಗ್ಯಾರೇಜಿಗೆ ಹೋಗು ಅನ್ನುತ್ತಾನೆ ಗೆಳೆಯ. ಇನ್ನೊಬ್ಬ, ಹಾಗೆ ಮಾಡಿದರೆ ಗೇರ್ ಬಾಕ್ಸೇ ಒಡೆಯುತ್ತೆ ಅಂತ ಹೆದರಿಸುತ್ತಾನೆ. ಯಾರ ಮಾತು ಕೇಳಲಿ? ಗಾಡಿ ಸದ್ಯ ಇಳಿಜಾರಿನಲ್ಲಿ ನಿಂತಿದೆ.

ಉತ್ತರ: ಗೆಳೆಯರ ಜಗಳ ಆಮೇಲೆ ನೋಡೋಣ. ನನ್ನನ್ನು ಬೆಚ್ಚಿಬೀಳಿಸಿದ್ದು ನಿಮ್ಮ ಕೊನೆಯ ಸಾಲು.

ಶಾಫ್ಟ್ ಅಂದರೆ ಗಾಡಿಯನ್ನು ಓಡಿಸುವ ಸಾಮಾನು ಅಂತಷ್ಟೇ ಎಲ್ಲರ ಲೆಕ್ಕ. ಗಾಡಿಯನ್ನು ನಿಲ್ಲಿಸಿ ಹಿಡಿದಿರುವುದೂ ಅದೇ. ಗೇರಿನಲ್ಲಿ ಬಿಟ್ಟು ಇಳಿದಿರಿ ಅಂತಿಟ್ಟುಕೊಳ್ಳಿ. ಚಕ್ರವನ್ನು ತಡೆದಿರುವುದು ಎಂಜಿನ್. ಎಂಜಿನ್‌ಗೂ ಚಕ್ರಕ್ಕೂ ನಡುವೆ ಇರುವುದು ಈ ಶಾಫ್ಟ್. ಆಟೊಮ್ಯಾಟಿಕ್ ಗಾಡಿಯ 'ಪಿ' (ಪಾರ್ಕ್) ಕೂಡ ಗೇರ್ ಬಾಕ್ಸಿನ ಒಳಗಿನ ಒಂದು ಕೊಕ್ಕೆ ಅಷ್ಟೇ, ಚಕ್ರದ ಹತ್ತಿರ ಏನೂ ಇಲ್ಲ. 2ಎಚ್‌ನಲ್ಲಿ ನಿಂತಿರುವ ಗಾಡಿಯ ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣಕ್ಕೆ ಗೇರೂ ಇಲ್ಲ, 'ಪಿ'ಯೂ ಇಲ್ಲ.

ಹ್ಯಾಂಡ್ ಬ್ರೇಕ್ ಇದೆಯಲ್ಲ ಅಂತೀರಿ. ಅದು ಎಲ್ಲಿದೆ ಅಂತ ಬಗ್ಗಿ ನೋಡಿದ್ದೀರಾ? ಹಿಂದಿನ ಚಕ್ರಗಳ ಡ್ರಮ್ಮಿಗೆ ಕೇಬಲ್ ಹೋಗಿದ್ದರೆ ಸರಿ, ಶಾಫ್ಟ್ ಇದ್ದರೂ ಇಲ್ಲದಿದ್ದರೂ ಅದು ಹಿಡಿಯುತ್ತದೆ. ಆದರೆ ಹಳೇ ವಿಲ್ಲೀಸ್ ಜೀಪು, ಹಳೇ ಲ್ಯಾಂಡ್ ರೋವರ್ ಡಿಫೆಂಡರ್, ಸುಜುಕಿ ಸಮುರಾಯ್ ಮತ್ತು ಅದರದ್ದೇ ತಮ್ಮನಾದ ಜಿಪ್ಸಿ, ಇವುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ (ಗೇರ್ ಬಾಕ್ಸಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಹಿಂಭಾಗದಲ್ಲಿ. ಆ ಡ್ರಮ್ಮಿನಿಂದಾಚೆಗೇ ಹಿಂದಿನ ಶಾಫ್ಟ್ ಶುರು. ಅದನ್ನು ಬಿಚ್ಚಿದಿರೋ, ಬ್ರೇಕ್ ಡ್ರಮ್ಮನ್ನೇನೋ ಗಟ್ಟಿಯಾಗಿ ಹಿಡಿದಿರುತ್ತದೆ, ಹಿಂದಿನ ಚಕ್ರಕ್ಕೆ ಅದರ ಸುದ್ದಿಯೇ ಇರುವುದಿಲ್ಲ. ಲಿವರ್ ಎಳೆದಾಗ ಕೈಗೆ ಬಿಗಿ ಸಿಗುತ್ತದೆ ನೋಡಿ, ಅದಕ್ಕೇ ಜನ ಮೋಸ ಹೋಗುವುದು.

ಇನ್ನು ಆ ಕೊನೇ ಬೋಲ್ಟು ಬಿಚ್ಚುವಾಗ ನೀವು ಎಲ್ಲಿರುತ್ತೀರಿ? ಗಾಡಿಯ ಅಡಿಯಲ್ಲಿ.

ಹಾಗಾಗಿ ಮೊದಲು ಗಾಡಿಯನ್ನು ಸಮತಟ್ಟು ಜಾಗಕ್ಕೆ ತನ್ನಿ. ತರಲಾಗದಿದ್ದರೆ ಚಕ್ರಗಳಿಗೆ ಕಲ್ಲೋ ಮರದ ದಿಮ್ಮಿಯೋ ಕೊಡಿ. ಒಂದು ಚಕ್ರಕ್ಕಲ್ಲ, ಎರಡು ಬದಿಗೂ, ಹಿಂದೆ ಮುಂದೆ ಎರಡೂ ಕಡೆ. ಕೊಟ್ಟ ಮೇಲೆ ಗೇರ್ ನ್ಯೂಟ್ರಲ್‌ಗೆ ತಂದು, ಬ್ರೇಕ್ ಬಿಟ್ಟು ಗಾಡಿಯನ್ನು ಕಲ್ಲಿನ ಮೇಲೆ ಕೂರಲು ಬಿಡಿ. ಅದು ಅಲ್ಲಾಡದೆ ನಿಂತರೆ ಮಾತ್ರ ಸ್ಪ್ಯಾನರ್ ತೆಗೆದುಕೊಂಡು ಒಳಗೆ ಹೋಗಿ. ಇಳಿಜಾರು ಕಡಿದಾಗಿದ್ದರೆ ಅಲ್ಲಿ ಬಿಚ್ಚುವ ಸಾಹಸವೇ ಬೇಡ.

ಈಗ ಗೆಳೆಯರ ವಿಷಯ. ಮೊದಲನೆಯವನು ಹೇಳಿದ್ದು ಸರಿ. ನಿಮ್ಮದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. 2ಎಚ್‌ನಲ್ಲಿ ಬಲವೆಲ್ಲ ಹಿಂದಕ್ಕೆ. 4ಎಚ್‌ಗೆ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಒಳಗೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ಹಿಂದಿನದು ಇಲ್ಲದಿದ್ದರೂ ಮುಂದಿನದು ಎಳೆಯುತ್ತದೆ. ಮುಂದಿನ ಚಕ್ರಗಳಲ್ಲಿ ಫ್ರೀ ವೀಲಿಂಗ್ ಹಬ್ (ಚಕ್ರವನ್ನು ಆಕ್ಸಲ್ಲಿಗೆ ಕೂಡಿಸುವ, ಬಿಡಿಸುವ ಗುಬ್ಬಿ) ಇದ್ದರೆ ಎರಡನ್ನೂ ಲಾಕ್‌ಗೆ ತಿರುಗಿಸಿ. ಇದನ್ನು ಮರೆತು, ಗೇರ್ ಹಾಕಿ, ಗಾಡಿ ಕದಲಲಿಲ್ಲ ಅಂತ ತಲೆ ಕೆಡಿಸಿಕೊಂಡು ನನಗೆ ಫೋನ್ ಮಾಡಿದವರಿದ್ದಾರೆ. ತಾನಾಗಿ ಲಾಕ್ ಆಗುವ ಹಬ್ ಆದರೆ ಇನ್ನೊಂದು ಎಚ್ಚರ: ದಿಕ್ಕು ಬದಲಾಯಿಸುವಾಗ ಅವು ಬಿಟ್ಟುಕೊಳ್ಳುತ್ತವೆ. ಓಡಿಸುವುದಕ್ಕೆ ಸಾಕು, ನಿಲ್ಲಿಸಿ ಹಿಡಿಯುವುದಕ್ಕೆ ನಂಬಬೇಡಿ.

ಎರಡನೆಯ ಗೆಳೆಯನ ಹೆದರಿಕೆಯಲ್ಲೂ ಸ್ವಲ್ಪ ಹುರುಳಿದೆ. ಒಡೆಯುವುದು ಗೇರ್ ಬಾಕ್ಸ್ ಅಲ್ಲ, ಮುಂದಿನ ಆಕ್ಸಲ್. ಎರಡು ಆಕ್ಸಲ್ ಹಂಚಿಕೊಳ್ಳಬೇಕಿದ್ದ ಬಲ ಈಗ ಪೂರ್ತಿ ಮುಂದಕ್ಕೇ ಹೋಗುತ್ತದೆ. ಬಹಳ ಗಾಡಿಗಳಲ್ಲಿ ಮುಂದಿನ ಕ್ರೌನ್ ಪಿನಿಯನ್ (ಶಾಫ್ಟಿನ ಬಲವನ್ನು ಆಕ್ಸಲ್ಲಿಗೆ ತಿರುಗಿಸುವ ಗೇರಿನ ಜೋಡಿ) ಹಿಂದಿನದಕ್ಕಿಂತ ಚಿಕ್ಕದು. ಮೇಲೆ ಸ್ಟೇರಿಂಗ್ ತಿರುಗಿದಂತೆ ಬಾಗಬೇಕಾದ ಜಾಯಿಂಟುಗಳು ಬೇರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿಟ್ಟು ಆಕ್ಸಿಲರೇಟರ್ ಒತ್ತಬೇಡಿ, ಅಲ್ಲೇ ಕಟಕಟ ಅನ್ನುವುದು ಶುರುವಾಗುತ್ತದೆ. ಕ್ಲಚ್ ಮೆಲ್ಲಗೆ ಬಿಡಿ. 4ಎಲ್ ಮುಟ್ಟಲೇ ಬೇಡಿ. ಲೋ ರೇಂಜ್ ಎಂದರೆ ಬಲ ಎರಡು ಪಟ್ಟಿನಿಂದ ನಾಲ್ಕು ಪಟ್ಟಿನವರೆಗೆ ಹೆಚ್ಚುತ್ತದೆ. ಅದನ್ನು ಒಂದೇ ಆಕ್ಸಲ್ ತಡೆದುಕೊಳ್ಳಬೇಕು. ಭಾರ ಹೇರಬೇಡಿ, ಟ್ರೈಲರ್ ಎಳೆಯಬೇಡಿ. ಏರು ಹತ್ತುವಾಗ ಗಾಡಿಯ ತೂಕ ಹಿಂದಕ್ಕೆ ಜಾರುತ್ತದೆ, ಮುಂದಿನ ಚಕ್ರ ಹಗುರವಾಗಿ ಸುತ್ತತೊಡಗುತ್ತದೆ. ಒದ್ದೆ ಏರು ಇರುವ ದಾರಿ ಆದರೆ ಬೇರೆ ದಾರಿ ಹುಡುಕಿ.

ಹೊರಡುವ ಮೊದಲು ಒಂದು ಸಲ ಟ್ರಾನ್ಸ್‌ಫರ್ ಕೇಸಿನ ಹಿಂದುಗಡೆ ಕಣ್ಣು ಹಾಯಿಸಿ. ಶಾಫ್ಟ್ ಅಲ್ಲಿ ನಾಲ್ಕು ಬೋಲ್ಟಿನ ಫ್ಲೇಂಜಿಗೆ (ಚಪ್ಪಟೆ ಬಿಲ್ಲೆಗೆ) ಕೂತಿತ್ತಾ? ಹಾಗಿದ್ದರೆ ಚಿಂತೆಯಿಲ್ಲ. ಶಾಫ್ಟಿನ ತುದಿಯ ಹಲ್ಲಿನ ಕೊಳವೆ ನೇರ ಕೇಸಿನೊಳಗೇ ತೂರಿಕೊಂಡಿತ್ತಾ? ಅದಕ್ಕೆ ಸ್ಲಿಪ್ ಯೋಕ್ ಅಂತಾರೆ. ಎಳೆದು ತೆಗೆದ ಕೂಡಲೇ ಆಯಿಲ್ ಸುರಿಯುತ್ತದೆ. ಆಯಿಲ್ ಸೀಲ್ ಕೂರುವುದು ಆ ಕೊಳವೆಯ ಮೇಲೆ, ಕೊಳವೆ ಇಲ್ಲದ ಮೇಲೆ ಸೀಲ್ ಯಾವುದನ್ನು ತಬ್ಬಿಕೊಳ್ಳಬೇಕು? 1997ರಿಂದ 2006ರವರೆಗಿನ ಜೀಪ್ ರ‍್ಯಾಂಗ್ಲರ್ ಟಿಜೆಗಳಲ್ಲಿ ಹೆಚ್ಚಿನವು ಹೀಗೇ ಇದ್ದವು. ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದು ನಿಂತ ಗಾಡಿಗೆ ಸರಿ. 4ಎಚ್‌ನಲ್ಲಿ ಹೊರಟರೆ ಒಳಗಿನ ದಂಡ ತಿರುಗುತ್ತಲೇ ಇರುತ್ತದೆ, ಚೀಲ ಸ್ವಲ್ಪ ದೂರದಲ್ಲೇ ಚಿಂದಿ. ನಿಮ್ಮದು ಈ ಜಾತಿ ಆದರೆ ಎಳೆಸಿಕೊಂಡು ಹೋಗಿ, ವಾದ ಬೇಡ.

ಕೊನೆಗೆ, ಒಂದು ತುದಿ ಮಾತ್ರ ಬಿಚ್ಚಿ ಇನ್ನೊಂದು ತುದಿಯನ್ನು ಚಾಸಿಗೆ ಹಗ್ಗದಲ್ಲಿ ಕಟ್ಟುವವರು. 'ಸುಮ್ನೆ ಕಟ್ಟಿಬಿಡಿ ಸಾರ್, ಏನಾಗಲ್ಲ' ಅನ್ನುವವರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಲೆಕ್ಕ ಹಾಕೋಣ. ಟಯರ್ ಎತ್ತರ 70 ಸೆಂಟಿಮೀಟರ್ ಅಂದರೆ ಒಂದು ಸುತ್ತಿಗೆ ಸುಮಾರು 2.2 ಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 450 ಸುತ್ತು ತಿರುಗುತ್ತದೆ. ಡಿಫರೆನ್ಶಿಯಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟಿನ ಸುತ್ತು) 4.1 ಆದರೆ ಶಾಫ್ಟ್ ತಿರುಗುವುದು 1,850ರ ಹತ್ತಿರ. ಹಿಂದಿನ ಆಕ್ಸಲ್ಲಿಗೆ ಇನ್ನೂ ಬೋಲ್ಟಾಗಿರುವ ಶಾಫ್ಟ್, ಚಕ್ರ ತಿರುಗಿದಂತೆ ಅದೇ ವೇಗದಲ್ಲಿ ತಿರುಗುತ್ತದೆ. ಹಗ್ಗ ಎಷ್ಟು ಹೊತ್ತು ತಡೆದೀತು? ಹಗ್ಗ ಹರಿದು ಶಾಫ್ಟಿನ ಮುಂತುದಿ ಕೆಳಗೆ ಬಿದ್ದರೆ ರಸ್ತೆಗೆ ಊರಿಕೊಳ್ಳುತ್ತದೆ, ಓಡುವ ಗಾಡಿಯ ಹಿಂಭಾಗವನ್ನೇ ಎತ್ತಿಬಿಡಬಹುದು. ಬಿಚ್ಚುವುದಾದರೆ ಪೂರ್ತಿ ಬಿಚ್ಚಿ ಗಾಡಿಯೊಳಗೆ ಹಾಕಿಕೊಳ್ಳಿ.

ಇಷ್ಟು ಪಾಲಿಸಿದರೆ 40, 50ರ ವೇಗದಲ್ಲಿ ಗ್ಯಾರೇಜ್ ಮುಟ್ಟುತ್ತೀರಿ. ನಿಲ್ಲಿಸಿದಾಗಲೆಲ್ಲ ಕಲ್ಲು ಕೊಡುವುದು ಮರೆಯಬೇಡಿ. 'ಹಿಂದಿನ ಶಾಫ್ಟ್ ಇಲ್ಲ' ಅಂತ ಒಂದು ಚೀಟಿ ಬರೆದು ಸ್ಟೇರಿಂಗಿಗೆ ಕಟ್ಟಿ. ನಿಮಗೆ ಗೊತ್ತು ಸರಿ, ಗ್ಯಾರೇಜಿನಲ್ಲಿ ಗಾಡಿ ಸರಿಸುವ ಹುಡುಗನಿಗೆ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ನನ್ನ ಗಾಡಿಯಲ್ಲಿ 2ಎಚ್ ಇಲ್ಲವೇ ಇಲ್ಲ, ಯಾವಾಗಲೂ ನಾಲ್ಕು ಚಕ್ರಕ್ಕೂ ಬಲ. ಆಟೊಮ್ಯಾಟಿಕ್ ಗೇರ್. ನಡುಕ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚಲು ಮುಂದಿನ ಶಾಫ್ಟ್ ತೆಗೆಸಿದೆ. ಆಮೇಲೆ 'ಡಿ'ಗೆ ಹಾಕಿದರೆ ಎಂಜಿನ್ ರೊಯ್ಯನೆ ಕೂಗುತ್ತದೆ, ಗಾಡಿ ಒಂದಿಂಚೂ ಕದಲಲಿಲ್ಲ! ಹಿಂದಿನ ಶಾಫ್ಟ್ ಇದ್ದೇ ಇದೆ. ಇದು ಯಾವ ನ್ಯಾಯ? ಡಿಫ್ ಲಾಕ್ ಹಾಕಿ ಓಡಿಸಿ ಅಂತ ಒಬ್ಬರು ಹೇಳಿದರು. ಒಣ ರಸ್ತೆಯಲ್ಲಿ ಡಿಫ್ ಲಾಕ್ ಹಾಕಬಾರದು ಅಂತ ಗಾಡಿಯ ಪುಸ್ತಕದಲ್ಲೇ ಇದೆಯಲ್ಲ?

ಉತ್ತರ: ಗಾಡಿ ಕೆಟ್ಟಿಲ್ಲಮ್ಮ. ಅದು ಹಾಗೇ ಆಗಬೇಕು.

ನಿಮ್ಮ ಟ್ರಾನ್ಸ್‌ಫರ್ ಕೇಸಿನ ಒಳಗೆ ಒಂದು ಸೆಂಟರ್ ಡಿಫರೆನ್ಶಿಯಲ್ ಇದೆ. ಮುಂದಿನ ಶಾಫ್ಟ್ ಒಂದು ಕಡೆ, ಹಿಂದಿನದು ಇನ್ನೊಂದು ಕಡೆ. ಜೋಡೆತ್ತಿನ ನೊಗ ನೆನಪು ಮಾಡಿಕೊಳ್ಳಿ. ಒಂದು ಕಡೆಯ ಎತ್ತನ್ನು ಬಿಚ್ಚಿ ಇನ್ನೊಂದನ್ನು ಹೊಡೆದರೆ ನೊಗ ಓರೆಯಾಗಿ ತಿರುಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಡಿಫರೆನ್ಶಿಯಲ್ಲೂ ಹಾಗೆ. ಎರಡು ಕಡೆಗೂ ಅದು ಕೊಡುವುದು ಸಮ ಬಲ, ಇಲ್ಲವೇ ಕಟ್ಟಿಟ್ಟ ಒಂದು ಪಾಲು. ಒಂದು ಕಡೆ ತಡೆಯೇ ಇಲ್ಲದೆ ಬರೀ ತಿರುಗುತ್ತಿದ್ದರೆ ಅಲ್ಲಿ ಬಲ ಸೊನ್ನೆ. ಅಲ್ಲಿ ಸೊನ್ನೆ ಆದರೆ ಇಲ್ಲೂ ಸೊನ್ನೆ. ಶಾಫ್ಟ್ ಇಲ್ಲದ ಫ್ಲೇಂಜು ಗಾಳಿಯಲ್ಲಿ ಗಿರಗಿರ ತಿರುಗುತ್ತಿತ್ತು, ನೀವು ಒಳಗೆ ಕೂತಿದ್ದರಿಂದ ಕಾಣಲಿಲ್ಲ.

ಡಿಫ್ ಲಾಕ್ ಹಾಕಿದರೆ ಎರಡು ಕಡೆಯೂ ಒಂದೇ ದಂಡವಾಗುತ್ತದೆ, ಗಾಡಿ ಹೊರಡುತ್ತದೆ. 1970ರಲ್ಲಿ ಬಂದ ಮೊದಲ ರೇಂಜ್ ರೋವರ್‌ನಲ್ಲೂ ಆ ಲಾಕ್ ಇತ್ತು, 1977ರ ಲಾಡಾ ನೀವಾದಲ್ಲೂ ಇತ್ತು. ನೀವಾ ಇಟ್ಟುಕೊಂಡವರಿಗಂತೂ ಶಾಫ್ಟ್ ಬಿಚ್ಚಿ, ಲಾಕ್ ಹಾಕಿ, ನಡುಕ ಹುಡುಕುವುದು ಮಾಮೂಲು ಕೆಲಸ. ಮಿತ್ಸುಬಿಷಿ ಪಜೆರೋದ ಸೂಪರ್ ಸೆಲೆಕ್ಟ್ ಇದ್ದರೆ ಇನ್ನೂ ಸುಲಭ: ಮುಂದಿನ ಶಾಫ್ಟ್ ಇಲ್ಲದಿದ್ದರೆ 2ಎಚ್, ಹಿಂದಿನದು ಇಲ್ಲದಿದ್ದರೆ 4ಎಚ್ಎಲ್‌ಸಿ (ಸೆಂಟರ್ ಡಿಫ್ ಲಾಕ್ ಆದ 4ಎಚ್). ಕೆಲವು ಗಾಡಿಗಳಲ್ಲಿ ಮಾತ್ರ ಲೋ ರೇಂಜಿಗೆ ಹಾಕಿದಾಗಷ್ಟೇ ಲಾಕ್ ಬೀಳುತ್ತದೆ. ಅಂಥದ್ದರಲ್ಲಿ ತೆವಳಿಕೊಂಡು ಪಕ್ಕಕ್ಕೆ ಸರಿಸಬಹುದು, ಪ್ರಯಾಣ ಆಗದು.

ಒಣ ರಸ್ತೆಯ ಭಯ ಬಿಡಿ. ಪುಸ್ತಕ ಹೇಳಿದ್ದು ಸುಳ್ಳಲ್ಲ, ಆದರೆ ಅದು ಎರಡೂ ಶಾಫ್ಟ್ ಇರುವ ಗಾಡಿಗೆ. ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹೊಡೆಯುತ್ತವೆ, ಹಿಂದಿನವು ಒಳಗಿಂದ ಅಡ್ಡ ಕತ್ತರಿಸಿಕೊಂಡು ಬರುತ್ತವೆ. ಒದ್ದೆ ಮೈದಾನದಲ್ಲಿ ಗಾಡಿ ತಿರುಗಿಸಿ, ಇಳಿದು ಟಯರ್ ಗುರುತು ನೋಡಿ, ಕಣ್ಣಿಗೇ ಕಾಣುತ್ತದೆ. ಅಂದರೆ ಮುಂದಿನ ಶಾಫ್ಟ್ ಹಿಂದಿನದಕ್ಕಿಂತ ಜಾಸ್ತಿ ಸುತ್ತು ತಿರುಗಬೇಕು. ಲಾಕ್ ಹಾಕಿದಾಗ ತಿರುಗಲಾರದು. ಆಗ ಆ ಸೆಣಸಾಟವೆಲ್ಲ ಶಾಫ್ಟು, ಗೇರಿನ ಹಲ್ಲು, ಟಯರ್ ಮೇಲೆ ಬೀಳುತ್ತದೆ. ನಿಮ್ಮ ಗಾಡಿಯಲ್ಲಿ ಈಗ ಮುಂದಿನ ಶಾಫ್ಟೇ ಇಲ್ಲ. ಸೆಣಸುವುದಕ್ಕೆ ಎದುರಾಳಿ ಎಲ್ಲಿ? ಒಣ ರಸ್ತೆಯಲ್ಲಿ ಲಾಕ್ ಹಾಕಿಕೊಂಡೇ ಹೋಗಿ. ಶಾಫ್ಟ್ ವಾಪಸ್ ಕೂತ ಮೇಲೆ ಮಾತ್ರ ಲಾಕ್ ತೆಗೆಯುವುದನ್ನು ಮರೆಯಬೇಡಿ.

ನೀವು ಕೇಳದೇ ಇರುವುದನ್ನೂ ಹೇಳಿಬಿಡುತ್ತೇನೆ. 'ಡಿ'ಗೆ ಹಾಕಿದಾಗ ಗಾಡಿ ಯಾಕೆ ಕದಲಲಿಲ್ಲವೋ, ಅದೇ ಕಾರಣಕ್ಕೆ 'ಪಿ'ಗೆ ಹಾಕಿದಾಗ ನಿಲ್ಲುವುದೂ ಇಲ್ಲ. ಲಾಕ್ ಇಲ್ಲದ ಡಿಫರೆನ್ಶಿಯಲ್ ಎರಡೂ ದಿಕ್ಕಿನಲ್ಲಿ ಬಿಟ್ಟುಕೊಡುತ್ತದೆ. 'ಪಿ'ಯಲ್ಲಿದೆ ಅಂತ ನೆಚ್ಚಿಕೊಂಡು ಇಳಿದರೆ ಗಾಡಿ ತನ್ನ ಪಾಡಿಗೆ ತಾನು ಉರುಳುತ್ತದೆ. ಮುಂದಿನ ಶಾಫ್ಟ್ ತೆಗೆದ ನಿಮ್ಮ ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುತ್ತದೆ, ಅದನ್ನೇ ಬಳಸಿ. ಹಿಂದಿನದನ್ನು ತೆಗೆದಿದ್ದು, ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇದ್ದರೆ, ಡಿಫ್ ಲಾಕ್ ಬಿದ್ದಿದ್ದಾಗ ಮಾತ್ರ ಆ ಬ್ರೇಕ್ ಮುಂದಿನ ಚಕ್ರಗಳನ್ನು ಹಿಡಿಯುತ್ತದೆ. ಆಗಲೂ ಒಂದು ಮುಂದಿನ ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿದಿರೋ, ಎತ್ತಿದ ಚಕ್ರ ಹಿಂದಕ್ಕೆ ತಿರುಗುತ್ತದೆ, ನೆಲದ ಮೇಲಿನದು ಮುಂದಕ್ಕೆ ಉರುಳುತ್ತದೆ. ಜಾಕಿ ಬೀಳುತ್ತದೆ.

ನಡುಕದ ಪತ್ತೆಗೆ ನಿಮ್ಮ ದಾರಿ ಸರಿಯಾಗಿದೆ. ಮುಂದಿನ ಶಾಫ್ಟ್ ಇಲ್ಲದೆ ಓಡಿಸಿದಾಗ ನಡುಕ ಹೋದರೆ ಕಳ್ಳ ಸಿಕ್ಕ ಹಾಗೆ. ಹೋಗದಿದ್ದರೆ ಅದನ್ನು ವಾಪಸ್ ಹಾಕಿ ಹಿಂದಿನದನ್ನು ತೆಗೆದು ನೋಡಿ. ಎರಡೂ ಸಲ ನಡುಕ ಇದ್ದರೆ ಟಯರ್, ಹಬ್ ಬೇರಿಂಗ್, ಎಂಜಿನ್ ಮೌಂಟಿಂಗ್ ಕಡೆ ತಿರುಗಿ. ನೀವಾ ಆದರೆ ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಒಂದು ಗಿಡ್ಡ ಶಾಫ್ಟ್ ಇರುತ್ತದೆ. ಅಲ್ಲಿಂದಲೇ ನಡುಕ ಹುಟ್ಟುವುದು ಜಾಸ್ತಿ. ಅದನ್ನು ಮಾತ್ರ ಬಿಚ್ಚಿ ಓಡಿಸುವ ಮಾತೇ ಇಲ್ಲ, ಎಂಜಿನ್‌ನಿಂದ ಬರುವ ಬಲವೇ ಅಲ್ಲಿಗೆ ನಿಂತುಹೋಗುತ್ತದೆ.

ಪ್ರಶ್ನೆ: ಸರ್, ನನ್ನದು ಜೀಪಲ್ಲ, ಕಾರಿನಂಥ ಎಸ್‌ಯುವಿ, ಆಲ್ ವೀಲ್ ಡ್ರೈವ್. ಎಂಜಿನ್ ಅಡ್ಡಡ್ಡ ಕೂತಿದೆ. ಹಿಂದಕ್ಕೆ ಹೋಗುವ ಉದ್ದ ಶಾಫ್ಟಿನ ನಡುವಿನ ಬೇರಿಂಗ್ ಗೊರಗೊರ ಅನ್ನುತ್ತಿದೆ. ಬಿಡಿಭಾಗ ಬರುವವರೆಗೆ ಶಾಫ್ಟ್ ತೆಗೆದು ಓಡಿಸಲೇ?

ಉತ್ತರ: ಗಾಡಿ ಯಾವುದು ಅಂತ ಬರೆದಿದ್ದರೆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. ಬರೆದಿಲ್ಲ, ಹಾಗಾಗಿ ಎರಡು ಬಗೆ ಹೇಳುತ್ತೇನೆ.

ಒಂದು, ಮುಂದಿನ ಚಕ್ರವೇ ಮುಖ್ಯ, ಬೇಕಾದಾಗ ಮಾತ್ರ ಒಂದು ಕ್ಲಚ್ ಹಿಂದಿನದನ್ನು ಕೂಡಿಸುವ ಬಗೆ. 1998ರಲ್ಲಿ ಆಡಿ ಟಿಟಿಯ ಜೊತೆ ಬಂದ ಹಾಲ್ಡೆಕ್ಸ್ ಕ್ಲಚ್ ಈ ಜಾತಿ. ಇಂದಿನ ಬಹಳ ಎಸ್‌ಯುವಿಗಳೂ ಇದೇ. ಇಲ್ಲಿ ಶಾಫ್ಟ್ ತೆಗೆದರೆ ಸಾಮಾನ್ಯವಾಗಿ ಗಾಡಿ ಫ್ರಂಟ್ ವೀಲ್ ಡ್ರೈವ್ ಕಾರಿನಂತೆ ಓಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದೆರಡು ದೀಪ ಹತ್ತಬಹುದು. ದೀಪದ ಜೊತೆ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಕೈ ಕೊಟ್ಟಿರಬಹುದು ಅನ್ನುವುದು ತಲೆಯಲ್ಲಿರಲಿ, ಮಳೆಯಲ್ಲಿ ಮೆಲ್ಲಗೆ ಹೋಗಿ. ಮುಂದುಗಡೆ ಶಾಫ್ಟ್ ಕೂರುವ ಜಾಗದಿಂದ ಆಯಿಲ್ ಜಿನುಗುತ್ತಿದೆಯಾ ಅಂತ ನೋಡಿಕೊಳ್ಳಿ.

ಎರಡು, ಮಧ್ಯದಲ್ಲಿ ವಿಸ್ಕಸ್ ಕಪ್ಲಿಂಗ್ ಇರುವ ಬಗೆ. ಮ್ಯಾನುವಲ್ ಗೇರಿನ ಬಹಳಷ್ಟು ಸುಬಾರುಗಳು ಹೀಗಿವೆ. ಒಳಗೆ ದಪ್ಪ ಸಿಲಿಕೋನ್ ದ್ರವ ಇರುತ್ತದೆ. ಎರಡು ಕಡೆಯ ವೇಗದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದಾಗ ಅದು ಬಿಗಿಯುತ್ತದೆ. ಒಂದು ಶಾಫ್ಟ್ ತೆಗೆದರೆ ಗಾಡಿಯ ಭಾರವನ್ನೆಲ್ಲ ಆ ದ್ರವವೇ ಎಳೆಯಬೇಕು. ಕಾದು, ಬೆಂದು, ಹಾಳಾಗುತ್ತದೆ. ಬೇರಿಂಗ್ ಉಳಿಸಲು ಹೋಗಿ ಕಪ್ಲಿಂಗ್ ಕಳೆದುಕೊಂಡ ಹಾಗೆ. ಬೇಡ. ಸುಬಾರುವಿನ ಹಳೇ 4 ಗೇರಿನ ಆಟೊಮ್ಯಾಟಿಕ್‌ನಲ್ಲಿ ಬೇರೆ ಅನುಕೂಲ ಇದೆ. ಬಾನೆಟ್ ಒಳಗೆ 'ಎಫ್‌ಡಬ್ಲ್ಯುಡಿ' (ಫ್ರಂಟ್ ವೀಲ್ ಡ್ರೈವ್) ಅಂತ ಬರೆದ ಖಾಲಿ ಫ್ಯೂಸ್ ಜಾಗ ಇರುತ್ತದೆ, ಅಲ್ಲಿ ಫ್ಯೂಸ್ ಹಾಕಿದರೆ ಹಿಂದಕ್ಕೆ ಹೋಗುವ ಬಲ ನಿಲ್ಲುತ್ತದೆ. ಆದರೆ ಅದರ ಶಾಫ್ಟೂ ಸ್ಲಿಪ್ ಯೋಕ್ ಜಾತಿಯದ್ದೇ, ಎಳೆದರೆ ಆಯಿಲ್ ಸುರಿಯುತ್ತದೆ.

ಬೇರಿಂಗ್ ಬರೀ ಗೊರಗೊರ ಅನ್ನುತ್ತಿದ್ದು, ಅದರ ಸುತ್ತಲಿನ ರಬ್ಬರ್ ಇನ್ನೂ ಹರಿದಿಲ್ಲವಾದರೂ, ಬಿಡಿಭಾಗ ಬರುವವರೆಗೆ ಗಾಡಿಯನ್ನು ಮನೆಯಲ್ಲೇ ನಿಲ್ಲಿಸಿ. ಅದಕ್ಕಿಂತ ಒಳ್ಳೆ ಉಪಾಯ ನನಗೆ ಕಾಣುವುದಿಲ್ಲ.

ಪ್ರಶ್ನೆ: ಮುಂದಿನ ಡಿಫರೆನ್ಶಿಯಲ್ ಒಳಗೆ ಹಲ್ಲು ಮುರಿದಿದೆ. ಮುಂದಿನ ಶಾಫ್ಟ್ ಬಿಚ್ಚಿದೆ. ಆದರೂ ಕರಕರ ಸದ್ದು ನಿಂತಿಲ್ಲ. ಬಲವೇ ಹೋಗದ ಮೇಲೆ ಸದ್ದು ಎಲ್ಲಿಂದ ಸ್ವಾಮಿ?

ಉತ್ತರ: ರಸ್ತೆಯಿಂದ. ಚಕ್ರ ತಿರುಗಿದರೆ ಅದಕ್ಕೆ ಕೂಡಿರುವ ಆಕ್ಸಲ್ ತಿರುಗುತ್ತದೆ, ಆಕ್ಸಲ್ ತಿರುಗಿದರೆ ಡಿಫರೆನ್ಶಿಯಲ್ ತಿರುಗುತ್ತದೆ. ಒಳಗಿನ ಹಲ್ಲು ಚೆನ್ನಾಗಿದ್ದರೆ ಇದರಿಂದ ಏನೂ ತೊಂದರೆಯಿಲ್ಲ, ತನ್ನ ಎಣ್ಣೆಯಲ್ಲಿ ತಾನು ತಿರುಗಿಕೊಂಡಿರುತ್ತದೆ. ನಿಮ್ಮದರಲ್ಲಿ ಮುರಿದ ಚೂರು ಒಳಗೇ ಓಡಾಡುತ್ತಿದೆ. ಅದು ಎರಡು ಹಲ್ಲಿನ ನಡುವೆ ಸಿಕ್ಕಿಕೊಂಡರೆ ಮುಂದಿನ ಚಕ್ರ ಓಡುತ್ತಿರುವಾಗಲೇ ಗಪ್ಪನೆ ಹಿಡಿದುಕೊಳ್ಳಬಹುದು. ಈ ಗಾಡಿಯನ್ನು ಹೀಗೇ ಓಡಿಸಬೇಡಿ.

ಫ್ರೀ ವೀಲಿಂಗ್ ಹಬ್ ಇದ್ದರೆ ಎರಡನ್ನೂ ಫ್ರೀಗೆ ತಿರುಗಿಸಿ, ಸದ್ದು ನಿಲ್ಲುತ್ತದೆ. ಹಳೇ ಲ್ಯಾಂಡ್ ರೋವರ್ ಡಿಫೆಂಡರ್ ತರಹ ಹಬ್ಬಿನ ಹೊರಗೆ ಡ್ರೈವ್ ಫ್ಲೇಂಜ್ (ಆಕ್ಸಲ್ಲಿಗೂ ಚಕ್ರಕ್ಕೂ ಕೊಂಡಿಯಾದ ಬಿಲ್ಲೆ) ಇದ್ದರೆ ಅದನ್ನು ಬಿಚ್ಚಿ, ಧೂಳು ಹೋಗದಂತೆ ಗಟ್ಟಿಯಾಗಿ ಮುಚ್ಚಿದರೂ ಆಯಿತು. ಆದರೆ ಹೊಸ ಗಾಡಿಗಳ ಸೀಲ್ಡ್ ಹಬ್ ಬೇರಿಂಗ್ ಕಥೆ ಬೇರೆ. ಅಲ್ಲಿ ಆಕ್ಸಲ್ಲಿನ ತುದಿಯ ದಪ್ಪ ನಟ್ಟೇ ಬೇರಿಂಗಿನ ಎರಡು ಭಾಗವನ್ನು ಒತ್ತಿ ಹಿಡಿದಿರುತ್ತದೆ. ಆಕ್ಸಲ್ ಎಳೆದುಹಾಕಿ ಖಾಲಿ ಹಬ್ ಮೇಲೆ ಓಡಿಸಿದರೆ ಬೇರಿಂಗ್ ಬಿಚ್ಚಿಕೊಳ್ಳುತ್ತದೆ, ಚಕ್ರವೇ ಕಳಚುತ್ತದೆ. ಆಕ್ಸಲ್ ತೆಗೆಯಲೇಬೇಕಾದರೆ ಹೊರಗಿನ ಜಾಯಿಂಟಿನ ತುಂಡನ್ನು ಹಬ್ಬಿನಲ್ಲೇ ಉಳಿಸಿ ನಟ್ಟು ಬಿಗಿಯಬೇಕು. ಇದು ರಸ್ತೆ ಬದಿಯಲ್ಲಿ ಮಾಡುವ ಕೆಲಸ ಅಲ್ಲ.

ಪ್ರಶ್ನೆ: ಹೇಗೂ ನಾನು ಕೆಸರಿಗೆ ಇಳಿಯುವವನಲ್ಲ. ಮುಂದಿನ ಶಾಫ್ಟ್ ಕಾಯಂ ಆಗಿ ತೆಗೆದಿಟ್ಟರೆ ಡೀಸೆಲ್ ಉಳಿಯುತ್ತದಂತೆ, ನಿಜವೇ?

ಉತ್ತರ: ಪಾರ್ಟ್ ಟೈಮ್ ಗಾಡಿಯಲ್ಲಿ ಹಬ್ ಫ್ರೀ ಇಟ್ಟು 2ಎಚ್‌ನಲ್ಲಿ ಓಡಿಸಿದರೆ ಮುಂದಿನ ಶಾಫ್ಟ್ ಹೇಗೂ ಸುಮ್ನೆ ಮಲಗಿರುತ್ತದೆ, ತೆಗೆದು ಉಳಿಸುವುದೇನಿಲ್ಲ. ಫುಲ್ ಟೈಮ್ ಗಾಡಿಯಲ್ಲಿ ಕಾಯಂ ತೆಗೆದರೆ ಎರಡು ಆಕ್ಸಲ್ಲಿನ ದುಡಿತ ಒಂದರ ತಲೆಗೆ. ಉಳಿಯುವುದು ಚೂರುಪಾರು, ಸವೆಯುವುದು ಕ್ರೌನ್ ಪಿನಿಯನ್. ನನ್ನ ಕೇಳಿದರೆ ಟಯರಿನ ಗಾಳಿ ಸರಿಯಾಗಿಟ್ಟುಕೊಳ್ಳಿ, ಕ್ಯಾರಿಯರ್ ಮೇಲಿನ ಬೇಡದ ಸಾಮಾನು ಇಳಿಸಿ.

ಪ್ರಶ್ನೆ: ಮೇಷ್ಟ್ರೇ, ಹಿಂದಿನ ಶಾಫ್ಟಿಗೆ ಹೊಸ ಕ್ರಾಸ್ ಹಾಕಿಸಿ ವಾಪಸ್ ಕೂರಿಸಿದೆವು. ಮೊದಲು ಇಲ್ಲದ ನಡುಕ ಈಗ ಶುರುವಾಗಿದೆ. ಕ್ರಾಸ್ ಡೂಪ್ಲಿಕೇಟಾ?

ಉತ್ತರ: ಅಂಗಡಿಯವರನ್ನು ಬೈಯುವ ಮೊದಲು ಶಾಫ್ಟ್ ನೋಡಿ. ಸಾಮಾನ್ಯವಾಗಿ ಅದು ಎರಡು ತುಂಡು, ನಡುವೆ ಹಲ್ಲಿನ ಸ್ಲೈಡಿಂಗ್ ಜಾಯಿಂಟ್. ಬಿಚ್ಚಿದಾಗ ಎರಡೂ ಬೇರೆಯಾಗಿ, ಸೇರಿಸುವಾಗ ಒಂದೆರಡು ಹಲ್ಲು ತಪ್ಪಿ ಕೂತಿರಬೇಕು.

ಕ್ರಾಸ್ ಜಾಯಿಂಟ್ ಓರೆಯಲ್ಲಿ ತಿರುಗುವಾಗ ಸಮವಾಗಿ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿಕೊಳ್ಳುತ್ತದೆ, ಎರಡು ಸಲ ತಗ್ಗಿಸಿಕೊಳ್ಳುತ್ತದೆ. ಆಚೆ ತುದಿಯ ಕ್ರಾಸ್ ಇದಕ್ಕೆ ಸರಿಯಾಗಿ ಉಲ್ಟಾ ಮಾಡಿ ಲೆಕ್ಕ ಚುಕ್ತಾ ಮಾಡುತ್ತದೆ. ಅದು ಆಗಬೇಕಾದರೆ ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರದಲ್ಲಿರಬೇಕು. ಶಾಫ್ಟನ್ನು ನೆಲದ ಮೇಲೆ ಮಲಗಿಸಿ, ಒಂದು ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಈ ಕಡೆಯ ಕವೆಯ ಕಿವಿಗಳ ನೇರಕ್ಕೇ ಆ ಕಡೆಯ ಕಿವಿಗಳು ಕಾಣಬೇಕು. ಓರೆ ಕಂಡರೆ ಜಾಯಿಂಟ್ ಎಳೆದು, ಹಲ್ಲು ಬದಲಿಸಿ ಕೂರಿಸಿ. ಕೆಲವು ಗಾಡಿಗಳ ಮುಂದಿನ ಶಾಫ್ಟನ್ನು ಕಂಪನಿಯವರೇ ಬೇಕೆಂದು ಓರೆ ಇಟ್ಟಿರುತ್ತಾರೆ, ಅದನ್ನು ನೇರ ಮಾಡಲು ಹೋಗಬೇಡಿ. ಅದಕ್ಕೇ ಬಿಚ್ಚುವ ಮೊದಲು ಸ್ಲೈಡಿಂಗ್ ಜಾಯಿಂಟಿನ ಎರಡು ತುಂಡಿನ ಮೇಲೂ, ಎರಡು ತುದಿಯ ಫ್ಲೇಂಜಿನ ಮೇಲೂ ಬಿಳಿ ಬಣ್ಣದಲ್ಲಿ ಅಡ್ಡ ಗೀಟು ಎಳೆಯಬೇಕು ಅನ್ನುವುದು. ಸೀಮೆಸುಣ್ಣ ಎಣ್ಣೆ ಕೈಗೆ ಅಳಿಸಿಹೋಗುತ್ತದೆ.

ಕವೆ ನೇರ ಇದ್ದರೆ ಕ್ರಾಸಿನ ಬಟ್ಟಲುಗಳನ್ನು ನೋಡಿ. ಹೊಸದು ಕೂರಿಸುವಾಗ ಒಳಗಿನ ಸೂಜಿಯಂಥ ರೋಲರ್ ಒಂದು ಅಡ್ಡ ಬಿದ್ದರೂ ಸಾಕು, ಬಟ್ಟಲು ತಳ ಮುಟ್ಟುವುದಿಲ್ಲ, ಲಾಕಿನ ರಿಂಗ್ ತನ್ನ ತೋಡಿನಲ್ಲಿ ಕೂರುವುದಿಲ್ಲ. ಸುತ್ತಿಗೆಯಲ್ಲಿ ಬಡಿದು ಕೂರಿಸಿದವರ ಕೈಯಲ್ಲಿ ಇದು ಬಹಳ. ಶಾಫ್ಟ್ ಕೈಯಲ್ಲಿ ಹಿಡಿದು ಜಾಯಿಂಟನ್ನು ನಾಲ್ಕೂ ದಿಕ್ಕಿಗೆ ಬಾಗಿಸಿ. ಒಂದು ದಿಕ್ಕಿಗೆ ಸಲೀಸು, ಇನ್ನೊಂದಕ್ಕೆ ಬಿಗಿ ಅನಿಸಿದರೆ ಅಲ್ಲೇ ರೋಗ. ಸ್ವಲ್ಪ ದಿನ ಓಡಿಸಿದ ಮೇಲೆ ಬಟ್ಟಲಿನ ಅಂಚಿನಲ್ಲಿ ಕೆಂಪು ಪುಡಿ ಕಂಡರೆ ಗ್ರೀಸ್ ಒಳಗೆ ತಲುಪಿಲ್ಲ ಎಂದರ್ಥ. ನಿಪ್ಪಲ್ ಇದ್ದರೆ ನಾಲ್ಕೂ ಬಟ್ಟಲಿನಿಂದ ಹೊಸ ಗ್ರೀಸ್ ಹೊರಗೆ ಇಣುಕುವವರೆಗೆ ಗನ್ ಒತ್ತಿ. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಒಂದೇ ಮೊದಲು ಸಾಯುವುದು.

ಬೋಲ್ಟು ಹಳೆಯದೇ ಹಾಕಿದ್ದೀರಾ? ಶಾಫ್ಟಿನ ಬೋಲ್ಟು ಗಟ್ಟಿ ಉಕ್ಕಿನದು, ಸಾಮಾನ್ಯ ಬೋಲ್ಟು ಅಳತೆಗೆ ಸರಿ ಅಂತ ಹಾಕಬಾರದು. ನೈಲಾನ್ ಬಳೆ ಇರುವ ನಟ್ಟಾದರೆ ಹೊಸದೇ ಹಾಕಿ. ಎದುರು ಬದುರು ಬಿಗಿಯುತ್ತಾ ಬನ್ನಿ. ಸ್ವಲ್ಪ ದೂರ ಓಡಿಸಿ ಬಂದು ಇನ್ನೊಮ್ಮೆ ರೆಂಚ್ ಹಾಕಿ ನೋಡಿ.

ಇಷ್ಟಾದರೂ ನಡುಕ ಉಳಿದರೆ ಶಾಫ್ಟಿನ ಕೊಳವೆಯನ್ನು ಒರೆಸಿ, ಸುತ್ತ ಬೆರಳಾಡಿಸಿ. ಎಲ್ಲೋ ಒಂದು ಕಡೆ ಬ್ಯಾಲೆನ್ಸಿಗೆ ಅಂತ ಸಣ್ಣ ತಗಡಿನ ತುಂಡು ಬೆಸೆದಿರುತ್ತಾರೆ. ತಗಡಿಲ್ಲದೆ ಬರೀ ಬೆಸುಗೆಯ ಚುಕ್ಕಿಗಳು ಕೈಗೆ ಸಿಕ್ಕರೆ ಅದು ಉದುರಿದೆ. ಶಾಫ್ಟನ್ನು ಬ್ಯಾಲೆನ್ಸ್ ಮಾಡುವವರ ಹತ್ತಿರ ಕಳಿಸಿ. ಆ ದಿನ ಗಾಡಿ ಬೇಕೇ ಬೇಕು ಅಂದರೆ ಈ ಪುಟದ ಮೊದಲ ಉತ್ತರ ಓದಿಕೊಳ್ಳಿ, ಕಲ್ಲು ಕೊಡುವ ಭಾಗವನ್ನು ಎರಡು ಸಲ.